ಬೇರೆಯಾದ ವೈದ್ಯಕೀಯ ಉಪಕರಣ ಕಂಪನಿ: ಷೇರು ಕೊಳ್ಳುವ ಮುನ್ನ ಪಾಲುಪಟ್ಟಿ ಓದುವುದು ಹೇಗೆ

ಅಣ್ಣತಮ್ಮಂದಿರು ಪಾಲಾದರೆ ನೀರಾವರಿ ಗದ್ದೆ ಯಾರಿಗೆ ಹೋಯಿತು, ಸೊಸೈಟಿ ಸಾಲ ಯಾರ ತಲೆಗೆ ಬಿತ್ತು ಎಂದು ಊರೇ ವಿಚಾರಿಸುತ್ತದೆ. ದೊಡ್ಡ ಕಂಪನಿಯೊಂದು ತನ್ನ ವಿಭಾಗವನ್ನು ಬೇರೆ ಕಂಪನಿ ಮಾಡಿ ಹೊರಗೆ ಕಳಿಸಿದಾಗಲೂ ಕೇಳಬೇಕಾದ್ದು ಇದೇ ಪ್ರಶ್ನೆ. ಷೇರು ಮಾರುಕಟ್ಟೆಯಲ್ಲಿ ಇದಕ್ಕೆ ಸ್ಪಿನ್ ಆಫ್ ಎನ್ನುತ್ತಾರೆ. ಪಾಲು ಹಂಚಿದವನು ದೊಡ್ಡವನು, ಪಟ್ಟಿ ಬರೆದವನೂ ಅವನೇ ಎಂಬುದನ್ನು ನೆನಪಿಟ್ಟುಕೊಂಡು ಓದಲು ಕೂರಬೇಕು.

ಕೈಯಲ್ಲಿ ಒಂದು ನಿಜವಾದ ಉದಾಹರಣೆ ಇದ್ದರೆ ಕೆಲಸ ಸುಲಭ. ಅಮೆರಿಕದ ಬೆಕ್ಟನ್ ಡಿಕಿನ್ಸನ್, ಅಂದರೆ ಸಿರಿಂಜ್‌ಗಳ ಮೇಲೆ ಕಾಣುವ ಬಿ.ಡಿ., ತನ್ನ ಮಧುಮೇಹ ವಿಭಾಗವನ್ನು 2022ರ ಏಪ್ರಿಲ್ 1ರಂದು ಎಂಬೆಕ್ಟಾ ಎಂಬ ಹೆಸರಿನಲ್ಲಿ ಬೇರೆ ಮಾಡಿತು. ಇನ್ಸುಲಿನ್ ಸಿರಿಂಜ್ ಮತ್ತು ಪೆನ್ ಸೂಜಿಗಳೇ ಅದರ ಬಂಡವಾಳ. ಬಿ.ಡಿ.ಯ 5 ಷೇರಿಗೆ ಎಂಬೆಕ್ಟಾದ 1 ಷೇರು ಸಿಕ್ಕಿತು. 103 ಷೇರು ಇದ್ದವರ ಲೆಕ್ಕ 20.6 ಆಗುತ್ತದೆ, 20 ಷೇರು ಖಾತೆಗೆ, ಉಳಿದ 0.6ಕ್ಕೆ ನಗದು.

ಮೊದಲು ಫಾರ್ಮ್ 10

ಅಮೆರಿಕದ ಷೇರು ನಿಯಂತ್ರಕ ಎಸ್‌ಇಸಿಯ ಎಡ್ಗರ್ ತಾಣದಲ್ಲಿ ಹೊಸ ಕಂಪನಿಯ ಹೆಸರು ಹಾಕಿ ಫಾರ್ಮ್ 10, ಅಂದರೆ ಅದರ ಷೇರು ನೋಂದಣಿ ದಾಖಲೆ, ಹುಡುಕಿ. ಅದರ ಎಕ್ಸಿಬಿಟ್ 99.1 ಎಂಬ ಲಗತ್ತೇ ಪಾಲುಪಟ್ಟಿ. ನೂರಾರು ಪುಟಗಳಿರುತ್ತವೆ, ಎಲ್ಲವನ್ನೂ ಓದಬೇಕಿಲ್ಲ. ಸಾಲದ ವಿವರ, ಪ್ರೊ ಫಾರ್ಮಾ ಕೋಷ್ಟಕ (ಮೊದಲೇ ಬೇರೆಯಾಗಿದ್ದರೆ ಲೆಕ್ಕ ಹೇಗಿರುತ್ತಿತ್ತು ಎಂಬ ಅಂದಾಜು), ಮಾತೃ ಕಂಪನಿಯ ಜೊತೆಗಿನ ಒಪ್ಪಂದಗಳು ಈ ಮೂರನ್ನು ಪೆನ್ಸಿಲ್ ಹಿಡಿದು ಓದಿ. ಕಂಪನಿಯ ಗುರಿ, ದೂರದೃಷ್ಟಿ ಕುರಿತ ಪುಟಗಳನ್ನು ಹಾರಿಸಿದರೆ ನಷ್ಟವೇನಿಲ್ಲ.

ಸಾಲದ ಪುಟದಲ್ಲಿ ನಿಧಾನವಾಗಿರಿ

ಎಂಬೆಕ್ಟಾ ಹುಟ್ಟುವಾಗಲೇ 165 ಕೋಟಿ ಡಾಲರ್ ಸಾಲ ಹೊತ್ತಿತ್ತು. ವರ್ಷದ ಮಾರಾಟ ಸುಮಾರು 113 ಕೋಟಿ. ಸಾಲದ ಬಹುಪಾಲು ಹೊಸ ಕಾರ್ಖಾನೆಗೆ ಹೋಗಲಿಲ್ಲ. ಸುಮಾರು 144 ಕೋಟಿ ಡಾಲರ್ ಬೇರೆಯಾಗುವ ಹೊತ್ತಿಗೆ ಬಿ.ಡಿ.ಗೆ ಸಂದಿತು. ಸ್ಪಿನ್ ಆಫ್‌ಗಳಲ್ಲಿ ಇದು ಮಾಮೂಲು ಪದ್ಧತಿ, ಮೋಸವಲ್ಲ. ಆದರೆ ತೀರಿಸುವುದು ನೀವು ಕೊಳ್ಳಲಿರುವ ಕಂಪನಿ.

ಒಟ್ಟು ಮೊತ್ತ ನೋಡಿ ನಿಲ್ಲಬೇಡಿ, ಭಾಗ ಭಾಗವಾಗಿ ಬಿಡಿಸಿ. 50 ಕೋಟಿಗೆ ಶೇ. 5 ಸ್ಥಿರ ಬಡ್ಡಿ: ವರ್ಷಕ್ಕೆ 2.5 ಕೋಟಿ. 20 ಕೋಟಿಗೆ ಶೇ. 6.75: 1.35 ಕೋಟಿ. ಉಳಿದ 95 ಕೋಟಿಯ ಬಡ್ಡಿ ಮಾರುಕಟ್ಟೆ ದರದ ಜೊತೆ ಏರಿಳಿಯುವಂಥದ್ದು. ಅಲ್ಲೇ ಇರುವುದು ಕೊಕ್ಕೆ. 2022ರ ವಸಂತದಲ್ಲಿ ಅದು ಶೇ. 3.5ರ ಆಸುಪಾಸು, ಅಂದರೆ ಸುಮಾರು 3.3 ಕೋಟಿ. 2023ರ ಮಧ್ಯದ ಹೊತ್ತಿಗೆ ಅಮೆರಿಕದ ಬಡ್ಡಿದರ ಶೇ. 5 ದಾಟಿದಾಗ ಅದೇ ಸಾಲಕ್ಕೆ ಶೇ. 8.3ರಂತೆ ಸುಮಾರು 7.9 ಕೋಟಿ. ಒಟ್ಟು ಬಡ್ಡಿ 7.2 ಕೋಟಿಯಿಂದ 11.7 ಕೋಟಿಗೆ ಏರುತ್ತದೆ. ಒಂದು ಸೂಜಿಯೂ ಕಡಿಮೆ ಮಾರಾಟವಾಗದೆ ಲಾಭದಲ್ಲಿ ನಾಲ್ಕೂವರೆ ಕೋಟಿ ಡಾಲರ್ ಸೋರಿಹೋಯಿತು. ನಡುವೆ ತೀರಿಸಿದ ಅಸಲು, ಬಡ್ಡಿ ಏರಿಕೆಯಿಂದ ರಕ್ಷಣೆಗೆ ಒಪ್ಪಂದಗಳೇನಾದರೂ ಇದ್ದರೆ ಅವನ್ನೂ ಸೇರಿಸಿದರೆ ನಿಖರ ಅಂಕಿ ತುಸು ಬದಲಾದೀತು, ದಿಕ್ಕು ಬದಲಾಗದು. ಯಾವ ಸ್ಪಿನ್ ಆಫ್ ಆದರೂ ಈ ಲೆಕ್ಕವನ್ನು ಬಡ್ಡಿ ಶೇ. 2 ಹೆಚ್ಚಾದರೆ, ಶೇ. 4 ಹೆಚ್ಚಾದರೆ ಎಂದು ಎರಡು ಬಾರಿ ಮಾಡಿ.

ಹಳೆಯ ಲಾಭ ಹಳೆಯ ಮನೆಯದು

ಫಾರ್ಮ್ 10ರಲ್ಲಿ ಬರುವ ಹಿಂದಿನ ವರ್ಷಗಳ ಲೆಕ್ಕ ಒಟ್ಟು ಮನೆಯಿಂದ ಕಿತ್ತು ತೆಗೆದದ್ದು. ಅದರಲ್ಲಿ ಹೊಸ ಸಾಲದ ಬಡ್ಡಿ ಇರುವುದಿಲ್ಲ. ಕಂಪ್ಯೂಟರ್ ವ್ಯವಸ್ಥೆ, ಕಾನೂನು ವಿಭಾಗ, ಗೋದಾಮು ಇವೆಲ್ಲ ದೊಡ್ಡ ಕಂಪನಿಯ ನೆರಳಿನಲ್ಲಿ ಅಗ್ಗಕ್ಕೆ ನಡೆದಿರುತ್ತವೆ. ಬೇರೆ ಒಲೆ ಹೂಡಿದ ಮೇಲೆ ಪ್ರತಿಯೊಂದಕ್ಕೂ ತಾನೇ ದುಡ್ಡು ತೆರಬೇಕು. ಎಂಬೆಕ್ಟಾದ ನಿವ್ವಳ ಲಾಭ 2021ರ ಹಣಕಾಸು ವರ್ಷದಲ್ಲಿ ಸುಮಾರು 41 ಕೋಟಿ ಡಾಲರ್, 2022ರಲ್ಲಿ 22 ಕೋಟಿ, 2023ರಲ್ಲಿ 7 ಕೋಟಿ. ಅದೇ ಅವಧಿಯಲ್ಲಿ ಮಾರಾಟ ಇಳಿದದ್ದು 116.5 ಕೋಟಿಯಿಂದ 112 ಕೋಟಿಗೆ, ಶೇ. 4ರಷ್ಟು ಮಾತ್ರ. ಷೇರು ಬೆಲೆಯನ್ನು ಹಳೆಯ ಲಾಭದಿಂದ ಭಾಗಿಸಿ ‘ಅಗ್ಗ’ ಎಂದು ಕೊಂಡವರು ಎಡವಿದ್ದು ಇಲ್ಲೇ.

ಪ್ರೊ ಫಾರ್ಮಾ ಕೋಷ್ಟಕ ಈ ಖರ್ಚುಗಳಲ್ಲಿ ಕೆಲವನ್ನು ಸೇರಿಸಿ ತೋರಿಸುತ್ತದೆ, ಎಲ್ಲವನ್ನೂ ಅಲ್ಲ. ಆಮೇಲಿನ ಮೂರು ವರ್ಷ ‘ಒಂದು ಸಲದ ಖರ್ಚು’ ಎಂದು ಹೊರಗಿಟ್ಟ ಮೊತ್ತಗಳನ್ನು ಬೇರೆ ಹಾಳೆಯಲ್ಲಿ ಕೂಡಿಸುತ್ತ ಹೋಗಿ. ಪ್ರತಿ ವರ್ಷ ಬರುವ ಒಂದು ಸಲದ ಖರ್ಚು ಖರ್ಚೇ. ವ್ಯವಹಾರದಿಂದ ಬಂದ ನಗದಿನಲ್ಲಿ ಯಂತ್ರ, ಕಟ್ಟಡಕ್ಕೆ ಹಾಕಿದ್ದನ್ನು ಕಳೆದು ಉಳಿದದ್ದೇ ನಂಬಬಹುದಾದ ಅಂಕಿ.

ಒಪ್ಪಂದ, ಹೆಸರು, ಪರವಾನಗಿ

ಎಂಬೆಕ್ಟಾದ ಸೂಜಿಗೆ ಬೇಕಾದ ಕ್ಯಾನುಲಾ, ಅಂದರೆ ಆ ಸಣ್ಣ ಉಕ್ಕಿನ ಕೊಳವೆ, ಬಿ.ಡಿ.ಯಿಂದಲೇ ಬರುವಂತೆ ಒಪ್ಪಂದವಾಗಿತ್ತು. ಮುಖ್ಯ ಭಾಗ ಹಳೆಯ ಮನೆಯಿಂದಲೇ ಬರಬೇಕಾದರೆ ಬೆಲೆ ಹೇಗೆ ಏರುತ್ತದೆ, ಅವಧಿ ಎಷ್ಟು, ಬೇರೆಡೆ ಕೊಳ್ಳಲು ಬಿಡುವುಂಟೇ ಎಂದು ನೋಡಿ. ಹೆಸರು ಬಳಸಲು ಎಷ್ಟು ಕಾಲ ಅನುಮತಿ ಎಂಬುದೂ ಅಲ್ಲೇ ಇರುತ್ತದೆ. ವೈದ್ಯಕೀಯ ಉಪಕರಣದಲ್ಲಿ ಹೆಸರು ಬದಲಿಸುವುದೆಂದರೆ ಡಬ್ಬಿಯ ಮೇಲಿನ ಚೀಟಿ ಬದಲಿಸಿದಷ್ಟು ಸಲೀಸಲ್ಲ. ದೇಶ ದೇಶದಲ್ಲೂ ಉತ್ಪನ್ನದ ನೋಂದಣಿಯನ್ನು ಹೊಸ ತಯಾರಕರ ಹೆಸರಿಗೆ ವರ್ಗಾಯಿಸಬೇಕು, ಟೆಂಡರ್‌ಗಳನ್ನು ಮತ್ತೆ ಹಾಕಬೇಕು. ಕೆಲಸ ವರ್ಷಗಟ್ಟಲೆ ಎಳೆಯುತ್ತದೆ, ಖರ್ಚೂ ಅಷ್ಟೇ.

ಅಮೆರಿಕದ ಔಷಧಿ, ಉಪಕರಣಗಳ ನಿಯಂತ್ರಕ ಎಫ್‌ಡಿಎ ತಾಣದಲ್ಲಿ ರಿಕಾಲ್‌ಗಳು (ದೋಷವಿರುವ ಉತ್ಪನ್ನವನ್ನು ಹಿಂದೆ ಕರೆಸುವುದು), ಎಚ್ಚರಿಕೆ ಪತ್ರಗಳು, ಮಾಡ್ (MAUDE) ಎಂಬ ದೂರು ದಾಖಲೆ ಎಲ್ಲವೂ ಉಚಿತ. ಹೊಸ ಹೆಸರಲ್ಲಿ ಹುಡುಕಿ ಏನೂ ಸಿಗಲಿಲ್ಲವೆಂದು ಸಮಾಧಾನಪಡಬೇಡಿ, ಹಳೆಯ ದಾಖಲೆಗಳೆಲ್ಲ ಮಾತೃ ಕಂಪನಿಯ ಹೆಸರಲ್ಲಿರುತ್ತವೆ. ಎಚ್ಚರಿಕೆ ಪತ್ರ ಬರುವುದು ನಿರ್ದಿಷ್ಟ ಕಾರ್ಖಾನೆಗೆ. ಆದ್ದರಿಂದ ಪಾಲಿಗೆ ಬಂದ ಕಾರ್ಖಾನೆಗಳ ಊರಿನ ಹೆಸರು ಹಾಕಿಯೂ ಹುಡುಕಿ. ರಿಕಾಲ್‌ನಲ್ಲಿ ಒಂದನೇ ದರ್ಜೆಯದೇ ಅತಿ ಗಂಭೀರ.

ಸೂಜಿ ಎಣಿಸಿ

ಊಟಕ್ಕೊಮ್ಮೆ, ರಾತ್ರಿಗೊಮ್ಮೆ ಇನ್ಸುಲಿನ್ ಚುಚ್ಚಿಕೊಳ್ಳುವವರು ಪ್ರತಿ ಸಲ ಹೊಸ ಸೂಜಿ ಬಳಸಿದರೆ ವಾರಕ್ಕೆ 28. ದಿನಕ್ಕೊಮ್ಮೆಯವರಿಗೆ 7. ವಾರಕ್ಕೊಮ್ಮೆಯ ಇನ್ಸುಲಿನ್ ಐಕೋಡೆಕ್‌ಗೆ 2024ರಲ್ಲಿ ಯುರೋಪ್ ಒಪ್ಪಿಗೆ ಕೊಟ್ಟಿತು. ಅದನ್ನು ಹಿಡಿದವರಲ್ಲಿ 7 ಇದ್ದದ್ದು 1 ಆಗುತ್ತದೆ. ಇನ್ನೊಂದು ಕಡೆ ಸೆಮಾಗ್ಲುಟೈಡ್‌ನಂಥ ಔಷಧಿಯ ಪೆನ್‌ಗಳಿಗೂ ಸೂಜಿ ಬೇಕು, ವಾರಕ್ಕೆ 1ರಂತೆ. ಹಾಗಾಗಿ ಒಬ್ಬ ದಿನಕ್ಕೆ ನಾಲ್ಕು ಸಲದ ರೋಗಿ ಕೈಬಿಟ್ಟುಹೋದರೆ ಅದನ್ನು ತುಂಬಲು ವಾರಕ್ಕೊಮ್ಮೆಯ 28 ಹೊಸಬರು ಬೇಕು. ‘ಮಧುಮೇಹ ಹೆಚ್ಚುತ್ತಿದೆ, ಆದ್ದರಿಂದ ಈ ಷೇರು ಏರುತ್ತದೆ’ ಎಂಬ ವಾದವನ್ನು ಈ ಎಣಿಕೆಯಿಲ್ಲದೆ ಒಪ್ಪಬೇಡಿ.

ಹೊಸ ಉತ್ಪನ್ನದ ಆಸೆಗೂ ಬೆಲೆ ಕಟ್ಟುವಾಗ ಕೈ ಬಿಗಿ ಇರಲಿ. ಎಂಬೆಕ್ಟಾ ಬಹಳ ಮಾತಾಡಿದ ಇನ್ಸುಲಿನ್ ಪ್ಯಾಚ್ ಪಂಪ್‌ಗೆ 2024ರ ಸೆಪ್ಟೆಂಬರ್ ಹೊತ್ತಿಗೆ ಎಫ್‌ಡಿಎ ಅನುಮತಿ ಸಿಕ್ಕಿತು. ನವೆಂಬರ್‌ನಲ್ಲಿ ಕಂಪನಿ ಆ ಯೋಜನೆಯನ್ನೇ ನಿಲ್ಲಿಸಿತು. ಅನುಮತಿ ಬೇರೆ, ಮಾರಾಟಗಾರರ ಪಡೆ ಕಟ್ಟಿ ಪೈಪೋಟಿಗೆ ಇಳಿಯುವ ಹಣ ಬೇರೆ.

ಎಲ್ಲವೂ ಹೀಗೇ ಆಗುತ್ತದೆಂದಲ್ಲ. 2000ದಲ್ಲಿ ಬ್ಯಾಕ್ಸ್ಟರ್‌ನಿಂದ ಬೇರೆಯಾದ ಎಡ್ವರ್ಡ್ಸ್ ಲೈಫ್‌ಸೈನ್ಸಸ್ ಹೃದಯ ಕವಾಟದಲ್ಲಿ ಮೊದಲೇ ಹೆಸರು ಮಾಡಿತ್ತು. 2004ರಲ್ಲಿ ಎದೆ ಸೀಳದೆ ಕವಾಟ ಕೂರಿಸುವ ತಂತ್ರದ ಸಣ್ಣ ಕಂಪನಿಯೊಂದನ್ನು ಕೊಂಡಿತು. ಅದರ ಫಲವಾದ ಸೇಪಿಯನ್‌ಗೆ ಅಮೆರಿಕದ ಅನುಮತಿ ಸಿಕ್ಕಿದ್ದು 2011ರಲ್ಲಿ. ಅಷ್ಟು ವರ್ಷ ಸಂಶೋಧನೆಗೆ ಹಾಕಲು ಹಣ ಉಳಿಯುತ್ತದೆಯೇ ಎಂಬುದೇ ಎರಡು ಬಗೆಯ ಪಾಲಿಗೂ ಇರುವ ವ್ಯತ್ಯಾಸ. ಜಿಮ್ಮರ್ ಬಯೋಮೆಟ್ 2022ರಲ್ಲಿ ಬೆನ್ನುಮೂಳೆ, ಹಲ್ಲು ಎರಡನ್ನೂ ಒಂದೇ ಗಂಟು ಕಟ್ಟಿ ಜಿಮ್‌ವೀ ಮಾಡಿತು. ಬೆನ್ನುಮೂಳೆ ವ್ಯಾಪಾರವನ್ನು 2024ರಲ್ಲಿ 37.5 ಕೋಟಿ ಡಾಲರಿಗೆ ಮಾರಬೇಕಾಯಿತು. ಉಳಿದ ಕಂಪನಿಯನ್ನು 2025ರಲ್ಲಿ ಆರ್ಕಿಮೆಡ್ ಎಂಬ ಹೂಡಿಕೆ ಸಂಸ್ಥೆ ಷೇರಿಗೆ 19 ಡಾಲರಿನಂತೆ ಕೊಂಡಿತು.

ಬೆಲೆ ಮತ್ತು ಹೊತ್ತು

ಷೇರುಗಳ ಒಟ್ಟು ಬೆಲೆಗೆ ಸಾಲ ಸೇರಿಸಿ, ಕೈಲಿರುವ ನಗದು ಕಳೆಯಿರಿ. ಉದಾಹರಣೆಗೆ ಷೇರುಗಳ ಬೆಲೆ 80 ಕೋಟಿ, ನಿವ್ವಳ ಸಾಲ 130 ಕೋಟಿ, ಒಟ್ಟು 210 ಎಂದಿಟ್ಟುಕೊಳ್ಳಿ. ವ್ಯಾಪಾರದ ಮೌಲ್ಯ ಶೇ. 10 ತಗ್ಗಿದರೆ 21 ಕೋಟಿ ಹೋಯಿತು. ಸಾಲ ಕೊಟ್ಟವರು ಬಿಡುವುದಿಲ್ಲ, ಆದ್ದರಿಂದ ಷೇರು 59ಕ್ಕೆ ಇಳಿಯುತ್ತದೆ: ಶೇ. 26 ಕುಸಿತ. ಏರುವಾಗಲೂ ಇದೇ ವೇಗ, ಅದಕ್ಕೇ ಇಂಥ ಷೇರು ಕೆಲವರಿಗೆ ರುಚಿ.

ಮೊದಲ ವಾರಗಳಲ್ಲಿ ಬೆಲೆ ಬೀಳುವುದಕ್ಕೆ ಕಂಪನಿಯ ಗುಣವೇ ಕಾರಣವಾಗಬೇಕಿಲ್ಲ. ದೊಡ್ಡ ಕಂಪನಿಗಳ ಸೂಚ್ಯಂಕ ಹಿಂಬಾಲಿಸುವ ಫಂಡ್‌ಗಳು ಕೈಗೆ ಬಂದ ಸಣ್ಣ ಷೇರನ್ನು ನೋಡದೆಯೇ ಮಾರುತ್ತವೆ. ಎರಡು ತ್ರೈಮಾಸಿಕ ಫಲಿತಾಂಶ ಬರುವವರೆಗೆ ಕಾಯುವುದು ನಮ್ಮ ಮಟ್ಟಿಗೆ ಮೇಲು. ಮಾತೃ ಕಂಪನಿ ಪಾಲು ಉಳಿಸಿಕೊಂಡಿದ್ದರೆ ಅದೂ ಒಂದು ದಿನ ಮಾರುಕಟ್ಟೆಗೆ ಬರುತ್ತದೆ. 2023ರ ಜನವರಿಯಲ್ಲಿ ಬೇರೆಯಾದ ಜಿಇ ಹೆಲ್ತ್‌ಕೇರ್‌ನಲ್ಲಿ ಜಿಇ ಶೇ. 19.9ರಷ್ಟು ಇಟ್ಟುಕೊಂಡು ಆಮೇಲೆ ಹಂತ ಹಂತವಾಗಿ ಮಾರಿತು.

ಜಿಇ ಹೆಲ್ತ್‌ಕೇರ್‌ಗೆ ಬೆಂಗಳೂರಿನಲ್ಲಿ ದೊಡ್ಡ ತಂತ್ರಜ್ಞಾನ ಕೇಂದ್ರವಿದೆ. ಕೆಲಸದ ಮೂಲಕ ಇಂಥ ಷೇರು ಕೈಗೆ ಬಂದವರು ನಮ್ಮಲ್ಲೂ ಇದ್ದಾರು. ಅವರಿಗೆ ಎರಡು ಕಾಗದ ಮುಖ್ಯ. ಹಳೆಯ ಷೇರಿನ ಅಸಲು ಬೆಲೆಯನ್ನು ಎರಡಕ್ಕೂ ಹಂಚುವ ಪ್ರಮಾಣ ಅಮೆರಿಕದ ಲೆಕ್ಕದಲ್ಲಿ ಮಾತೃ ಕಂಪನಿ ಪ್ರಕಟಿಸುವ ಫಾರ್ಮ್ 8937ರಲ್ಲಿರುತ್ತದೆ. ಭಾರತದ ತೆರಿಗೆಗೆ ಅದು ಹಾಗೇ ಒಪ್ಪಿತವೇ ಎಂದು ಲೆಕ್ಕಪರಿಶೋಧಕರನ್ನು ಕೇಳಿ. ಇನ್ನೊಂದು, ಭಾರತದ ನಿವಾಸಿಯಾದರೆ ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಹೊಸ ಷೇರನ್ನೂ ಬೇರೆ ಸಾಲಿನಲ್ಲಿ ಬರೆಯಬೇಕು. ‘ನಾನು ಕೊಂಡಿಲ್ಲ, ತಾನಾಗಿ ಬಂತು’ ಎಂದು ಬಿಟ್ಟರೆ ನೋಟಿಸ್ ಬರುವ ಸಾಧ್ಯತೆ ಇದೆ.