ಇಳಿಜಾರಿನಲ್ಲಿ ಹೊತ್ತಿಕೊಂಡ ಬ್ರೇಕ್ ದೀಪ

ಚಿಕ್ಕಮಗಳೂರಿನಿಂದ ಕೈಮರ ದಾಟಿ ಮುಳ್ಳಯ್ಯನಗಿರಿಯ ಕಡೆಗೆ ವಾರಕ್ಕೆರಡು ಸಲವಾದರೂ ಓಡಾಡುವ ನನ್ನ ಹಳೆಯ ಕಾರಿನ ಮುಂದಿನ ಬ್ರೇಕ್ ಪ್ಯಾಡುಗಳು ಸವೆದಿದ್ದರಿಂದ, ಅವನ್ನು ಮನೆಯಂಗಳದಲ್ಲಿ ನಾನೇ ಬದಲಿಸಿದೆ. ಊರೊಳಗಿನ ಸಮತಟ್ಟಾದ ರಸ್ತೆಯಲ್ಲಿ ಎಲ್ಲವೂ ಸರಿಯಾಗಿತ್ತು. ಮರುದಿನ ಗಿರಿಯ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ, ವೃತ್ತದೊಳಗೆ ಉದ್ಗಾರ ಚಿಹ್ನೆಯಿರುವ ಕೆಂಪು ದೀಪ ಹೊತ್ತಿಕೊಂಡು ಎರಡು ಕ್ಷಣದಲ್ಲಿ ಆರಿತು. ಮುಂದಿನ ತಿರುವಿನಲ್ಲಿ ಮತ್ತೆ ಹೊತ್ತಿಕೊಂಡಿತು. ಒಂದು ಬದಿಗೆ ಕಣಿವೆ ಇರುವ ಆ ರಸ್ತೆಯಲ್ಲಿ ಅದನ್ನು ಕಡೆಗಣಿಸುವ ಧೈರ್ಯ ನನಗಿರಲಿಲ್ಲ. ಅಗಲವಾದ ಜಾಗ ನೋಡಿ ನಿಲ್ಲಿಸಿ, ಪೆಡಲನ್ನು ಒಂದು ನಿಮಿಷ ಗಟ್ಟಿಯಾಗಿ ಒತ್ತಿ ಹಿಡಿದೆ. ಅದು ಕೆಳಗಿಳಿಯಲಿಲ್ಲ, ಮೆತ್ತಗೂ ಆಗಲಿಲ್ಲ. ಆ ಭರವಸೆಯ ಮೇಲೆ ಎರಡನೆಯ ಗೇರಿನಲ್ಲೇ ನಿಧಾನವಾಗಿ ಮನೆ ಸೇರಿದೆ.

ಪರಿಚಯದ ಮೇಸ್ತ್ರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಇಷ್ಟು: "ಸಾರ್, ಸುಮ್ಮನೆ ಆಯಿಲ್ ಹಾಕಿ ದೀಪ ಆರಿಸಬೇಡಿ. ಯಾವ ಸ್ವಿಚ್ಚು ಹೊತ್ತಿಸ್ತಾ ಇದೆ ಅಂತ ಮೊದಲು ನೋಡಿ."

ನನ್ನ ಕಾರಿನಲ್ಲಿ ಈ ಒಂದೇ ದೀಪಕ್ಕೆ ಎರಡು ಸ್ವಿಚ್ಚುಗಳಿವೆ: ಹ್ಯಾಂಡ್ ಬ್ರೇಕಿನ ಬುಡದಲ್ಲಿ ಒಂದು, ಬ್ರೇಕ್ ಆಯಿಲ್ ಡಬ್ಬಿಯ ತೇಲುಬುರುಡೆಗೆ ಹೊಂದಿಕೊಂಡಂತೆ ಇನ್ನೊಂದು. ಕೆಲವು ಕಾರುಗಳಲ್ಲಿ ಪ್ಯಾಡಿನೊಳಗೇ ಸವೆತ ತಿಳಿಸುವ ವೈರ್ ಇರುತ್ತದೆ. ಅಂಥವುಗಳಲ್ಲಿ ಪ್ಯಾಡಿನ ಜೊತೆ ಅದನ್ನೂ ಬದಲಿಸದಿದ್ದರೆ ದೀಪ ಆರದೇ ಉಳಿಯಬಹುದು. ನನ್ನದರಲ್ಲಿ ಅದಿಲ್ಲ. ಅಂಗಳದ ಇಳಿಜಾರಿನಲ್ಲಿ ಮೂತಿ ಕೆಳಗೆ ಬರುವಂತೆ ಕಾರು ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಮುಂದುಗಡೆಯಿಂದ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸಿ ಇಗ್ನಿಷನ್ ಆನ್ ಮಾಡಿದೆ. ದೀಪ ಹೊತ್ತಿತು. ಹ್ಯಾಂಡ್ ಬ್ರೇಕಿನ ವೈರ್ ಕಿತ್ತರೂ ಅದು ಆರಲಿಲ್ಲ. ಡಬ್ಬಿಯ ವೈರ್ ಕಿತ್ತ ಕೂಡಲೇ ಆರಿತು.

ಹಳೆಯ ಡಬ್ಬಿ ಕಂದುಗಟ್ಟಿದ್ದರಿಂದ ಹೊರಗಿನಿಂದ ಮಟ್ಟ ಕಾಣುತ್ತಿರಲಿಲ್ಲ. ಹಿಂದಿನಿಂದ ಟಾರ್ಚ್ ಹಿಡಿದಾಗ ಆಯಿಲ್ ಕೆಳಗಿನ ಗೆರೆಗಿಂತ ಒಂದೆಳೆ ಕೆಳಗೆ ನಿಂತಿರುವುದು ತಿಳಿಯಿತು. ತಪ್ಪು ನನ್ನದೇ ಆಗಿತ್ತು. ಹೊಸ ಪ್ಯಾಡಿಗೆ ಜಾಗ ಮಾಡಲು, ಪ್ಯಾಡುಗಳನ್ನು ಹಿಡಿದು ಚಕ್ರದ ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿದಾಗ ಆಯಿಲ್ ಡಬ್ಬಿಗೆ ಮರಳುತ್ತದೆ; ತುಳುಕಿ ಬಣ್ಣ ಹಾಳಾದೀತೆಂದು ನಾನು ಮೊದಲೇ ಸಿರಿಂಜಿನಿಂದ ಸ್ವಲ್ಪ ತೆಗೆದಿದ್ದೆ. ಕೊನೆಯಲ್ಲಿ ಮಟ್ಟ ನೋಡಿದ್ದೂ ನಿಜ, ಆದರೆ ಪೆಡಲ್ ಒತ್ತುವ ಮೊದಲು ನೋಡಿದ್ದೆ. ಆಮೇಲೆ ಪೆಡಲನ್ನು ಹತ್ತಾರು ಸಲ ಒತ್ತಿದಾಗ ಪಿಸ್ಟನ್‌ಗಳು ಒಂದೆರಡು ಮಿಲಿಮೀಟರ್ ಮುಂದೆ ಬಂದು ಪ್ಯಾಡನ್ನು ಡಿಸ್ಕಿಗೆ ತಾಗಿಸಿದವು, ಅವುಗಳ ಹಿಂದಿನ ಜಾಗ ತುಂಬಲು ಡಬ್ಬಿಯಿಂದ ಕೆಲವು ಮಿಲಿಲೀಟರ್ ಆಯಿಲ್ ಇಳಿದುಹೋಯಿತು. ಸಮತಟ್ಟಿನಲ್ಲಿ ತೇಲುಬುರುಡೆ ಹೇಗೋ ನಿಂತಿತ್ತು. ಇಳಿಜಾರಿನಲ್ಲಿ ಆಯಿಲ್ ಒಂದು ಬದಿಗೆ ಸರಿದಾಗ ಮಾತ್ರ ಅದು ತಳಕ್ಕೆ ಇಳಿಯುತ್ತಿತ್ತು.

ಆದರೂ ಸೋರಿಕೆಯ ಸಂಶಯ ನಿವಾರಣೆಯಾಗದೆ ಆಯಿಲ್ ಹಾಕುವುದು ಸರಿಯೆನಿಸಲಿಲ್ಲ. ನಾಲ್ಕೂ ಚಕ್ರಗಳ ಒಳಮೈ, ಹೋಸುಗಳು, ಕ್ಯಾಲಿಪರಿನ ಜೋಡಣೆಗಳನ್ನು ಒಣಬಟ್ಟೆಯಿಂದ ಒರೆಸಿ ನೋಡಿದೆ, ರಾತ್ರಿ ಚಕ್ರಗಳ ಕೆಳಗೆ ವೃತ್ತಪತ್ರಿಕೆ ಹಾಸಿದೆ. ಬೆಳಿಗ್ಗೆ ಕಾಗದ ಒಣಗಿಯೇ ಇತ್ತು. ಅನಂತರವೇ, ಮುಚ್ಚಳದ ಮೇಲೆ ಬರೆದಿದ್ದಂತೆ ಡಾಟ್ 4 ದರ್ಜೆಯ ಬ್ರೇಕ್ ಆಯಿಲನ್ನು ಸೀಲ್ ಒಡೆಯದ ಹೊಸ ಬಾಟಲಿಯಿಂದ ಹಾಕಿದೆ. ಕಪಾಟಿನಲ್ಲಿ ಹಿಂದಿನ ಮಳೆಗಾಲದ ಅರ್ಧ ಬಾಟಲಿ ಇತ್ತು, ಅದನ್ನು ಮುಟ್ಟಲಿಲ್ಲ. ಈ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ: ಡಾಟ್ 4ರ ಕುದಿಯುವ ಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂದಿದ್ದರೆ, ನೀರು ಸೇರಿದ ಸ್ಥಿತಿಗೆ ಗೊತ್ತುಪಡಿಸಿದ ಮಿತಿ ಕೇವಲ 155. ಉದ್ದನೆಯ ಇಳಿಜಾರಿನಲ್ಲಿ ಆಯಿಲ್ ಕುದಿದು ಆವಿಯಾದರೆ ಪೆಡಲ್ ನೆಲಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ.

ಡಬ್ಬಿಗೆ ಬಿಳಿ ಟೇಪ್ ಅಂಟಿಸಿ, ಆಯಿಲ್ ನಿಂತ ಜಾಗದಲ್ಲಿ ಪೆನ್ನಿನಿಂದ ಗೆರೆ ಎಳೆದೆ. ಒಂದು ವಾರ ದಿನವೂ ಬೆಳಿಗ್ಗೆ ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ಟಾರ್ಚ್ ಹಿಡಿದು ನೋಡಿದೆ. ಏಳನೆಯ ದಿನವೂ ಆಯಿಲ್ ಅದೇ ಗೆರೆಯಲ್ಲಿತ್ತು. ಅಂದು ಮತ್ತೆ ಗಿರಿಯ ರಸ್ತೆ ಹತ್ತಿ ಇಳಿದೆ, ದೀಪ ಹೊತ್ತಲಿಲ್ಲ.