ಹೊಟ್ಟೆಯ ಲೆಕ್ಕ ಬರೆದಿಟ್ಟ ಪುಸ್ತಕ

ಶುರುವಾಗಿದ್ದು 2019ರಲ್ಲಿ. ಊಟ ಮಾಡಿ ಅರ್ಧ ಗಂಟೆಗೆ ಹೊಕ್ಕುಳಿನ ಬಲಗಡೆ, ಸ್ವಲ್ಪ ಕೆಳಗೆ, ಹಿಂಡಿದ ಹಾಗೆ ನೋವು. ಹೊಟ್ಟೆಯೊಳಗೆ ಗುಡುಗುಡು ಸದ್ದು. ಆಮೇಲೆ ಭೇದಿ. ಆಗ ನನಗೆ 29. ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿ ಶಾಲೆಯಲ್ಲಿ ಟೀಚರ್. ಮಗಳಿಗೆ ಎರಡು ವರ್ಷ.

ಅತ್ತೆ ಓಮದ ಕಷಾಯ ಮಾಡಿ ಕೊಟ್ಟರು. ಬಟ್ಟಿ ಜಾರಿರಬೇಕು ಅಂತ ಪಕ್ಕದ ಊರಿಗೆ ಕರೆದುಕೊಂಡು ಹೋಗಿ ಹೊಟ್ಟೆ ಉಜ್ಜಿಸಿದರು. ಡಾಕ್ಟರು ಗ್ಯಾಸ್ಟ್ರಿಕ್ ಅಂದರು. ಖಾಲಿ ಹೊಟ್ಟೆಗೆ ಒಂದು ಮಾತ್ರೆ, ಜಂತುಹುಳಕ್ಕೆ ಒಂದು, ಆಮಶಂಕೆಗೆ ಐದು ದಿನದ್ದು. ನಾಲ್ಕು ದಿನ ಪರವಾಗಿಲ್ಲ ಅನಿಸುತ್ತಿತ್ತು, ಮತ್ತೆ ಅದೇ ಪಾಡು. ಇನ್ನೊಬ್ಬರು, ಟೆನ್ಷನ್ ಜಾಸ್ತಿ ಮಾಡ್ಕೋಬೇಡಿ ಅಂದು ಕಳಿಸಿದರು. ಹೀಗೇ ಎರಡು ವರ್ಷ ಕಳೆಯಿತು. 54 ಕೆಜಿ ಇದ್ದವಳು 43ಕ್ಕೆ ಇಳಿದೆ.

ಅವರನ್ನಷ್ಟೇ ದೂರಲಾರೆ. ನಾನೂ ಪೂರ್ತಿ ಹೇಳಿರಲಿಲ್ಲ. 'ಹೊಟ್ಟೆ ಸರಿ ಇಲ್ಲ' ಅನ್ನುವುದರಲ್ಲೇ ನನ್ನ ಮಾತು ಮುಗಿಯುತ್ತಿತ್ತು. ರಾತ್ರಿ ಎರಡು ಗಂಟೆಗೆ ಎದ್ದು ಓಡುತ್ತೇನೆ ಅಂತ ಹೇಳಲಿಲ್ಲ. ಸಂಜೆ ಹೊತ್ತು ಮೈ ಬೆಚ್ಚಗಾಗುತ್ತೆ ಅಂತ ಹೇಳಲಿಲ್ಲ. ಎರಡು ಮೂರು ಸಲ ರಕ್ತ ಕಂಡಿದ್ದನ್ನಂತೂ ನಮ್ಮನೆಯವರಿಗೂ ಹೇಳಿರಲಿಲ್ಲ. ಕ್ಲಿನಿಕ್ಕಿನ ಪರದೆ ಅರ್ಧ ಸರಿದಿರುತ್ತೆ. ಆಚೆ ಬೆಂಚಿನ ಮೇಲೆ ನಮ್ಮ ಶಾಲೆ ಮಕ್ಕಳ ತಾಯಂದಿರೇ ಕೂತಿರುತ್ತಾರೆ. ಆ ಮಾತು ಬಾಯಿಗೆ ಹೇಗೆ ಬರುತ್ತೆ?

ದಾರಿ ತೋರಿಸಿದ್ದು ನರ್ಸ್ ಆಗಿರುವ ನನ್ನ ಚಿಕ್ಕಮ್ಮನ ಮಗಳು. "ಹೇಳೋಕೆ ಆಗದಿದ್ರೆ ಬರಿ ಅಕ್ಕ. ಬರೆದಿದ್ದನ್ನ ಅವರ ಕೈಗೆ ಕೊಡು, ಸಾಕು" ಅಂದಳು. ಬ್ರಿಸ್ಟಲ್ ಚಾರ್ಟ್ ಅಂತ ಒಂದಿದೆ, ಅದನ್ನೂ ಅವಳೇ ತೋರಿಸಿದಳು. ಮಲ ಹೇಗಿದೆ ಅನ್ನುವುದಕ್ಕೆ 1ರಿಂದ 7ರವರೆಗೆ ನಂಬರ್. ಆಡಿನ ಹಿಕ್ಕೆ ಹಾಗೆ ಗಟ್ಟಿ ಇದ್ದರೆ 1. ಪೂರ್ತಿ ನೀರಾದರೆ 7. ನಡುವಿನ 3, 4 ಸರಿಯಾದದ್ದು. ನನಗೆ ಎಷ್ಟು ಹಗುರವಾಯಿತು ಗೊತ್ತಾ! ಏನನ್ನೂ ವರ್ಣಿಸಬೇಕಿಲ್ಲ, ನಂಬರ್ ಬರೆದರೆ ಆಯಿತು.

ಮಗಳ ಹಳೇ ನೋಟ್ ಪುಸ್ತಕದಲ್ಲಿ ಗೆರೆ ಹಾಕಿದೆ. ಒಂದು ಸಾಲು ಹೀಗಿತ್ತು: 'ಮಂಗಳವಾರ. ಬೆಳಿಗ್ಗೆ 6, ನಂ. 6. ಮಧ್ಯಾಹ್ನ ಮುದ್ದೆ, ಸೊಪ್ಪಿನ ಸಾರು. 2 ಗಂಟೆಗೆ ನೋವು, ಒಂದು ಪೀರಿಯಡ್ ಪೂರ್ತಿ. ರಾತ್ರಿ 2.10, ನಂ. 7, ರಕ್ತ ಸ್ವಲ್ಪ. ಜ್ವರ 100.' ಮೂರು ವಾರ ಬರೆದೆ. ಹಳೇ ಚೀಟಿ, ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲವನ್ನೂ ತಾರೀಕಿನ ಪ್ರಕಾರ ಒಂದೇ ಫೈಲಿಗೆ ಸೇರಿಸಿದೆ. ಆ ಫೈಲು ಹಿಡಿದು ಬೆಂಗಳೂರಿಗೆ ಕರುಳಿನ ಡಾಕ್ಟರ ಹತ್ತಿರ ಹೋದೆವು. ಅವರು ಪುಸ್ತಕ ತಿರುವಿ ನೋಡಿ ಹೇಳಿದ್ದು ಇಷ್ಟು: "ನಿದ್ದೆಯಿಂದ ಎಬ್ಬಿಸೋ ಭೇದಿ, ರಕ್ತ, ಜ್ವರ, ತೂಕ ಇಳಿಯೋದು... ಇವಿದ್ರೆ ಗ್ಯಾಸ್ ಅಂತ ಬಿಡೋ ಹಾಗಿಲ್ಲಮ್ಮ. ಒಳಗೆ ನೋಡ್ಲೇಬೇಕು."

ಒಳಗೆ ನೋಡುವುದು ಅಂದರೆ ಕೊಲೊನೋಸ್ಕೋಪಿ, ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಕರುಳಿಗೆ ಹಾಕಿ ಮಾಡುವ ಪರೀಕ್ಷೆ. ಅದಕ್ಕಿಂತ ಅದರ ಹಿಂದಿನ ಸಂಜೆ ಕಷ್ಟ. ಎರಡು ಲೀಟರ್ ನೀರಿಗೆ ಪುಡಿ ಕಲಸಿ ಕಾಲು ಗಂಟೆಗೊಂದು ಲೋಟ ಕುಡಿಯಬೇಕು. ಉಪ್ಪುಪ್ಪು, ಅದರ ಮೇಲೆ ನಿಂಬೆಯ ವಾಸನೆ. ಮೂರನೇ ಲೋಟಕ್ಕೆ ವಾಕರಿಕೆ ಬಂತು. ತಣ್ಣಗೆ ಮಾಡಿಕೊಂಡು ನಿಧಾನವಾಗಿ ಕುಡಿದಾಗ ಇಳಿಯಿತು. ಮಧ್ಯೆ ಎಳನೀರು ಕುಡಿದೆ. ಬರುಬರುತ್ತಾ ತಿಳಿ ಹಳದಿ ನೀರು ಮಾತ್ರ ಹೋಗತೊಡಗಿದಾಗ ಕರುಳು ತೊಳೆದಿದೆ ಅಂತ ಅರ್ಥ. ಮಾರನೇ ದಿನ ನಿದ್ದೆಯ ಇಂಜೆಕ್ಷನ್ ಕೊಟ್ಟರು. ಪರೀಕ್ಷೆ ಆಗಿದ್ದೇ ತಿಳಿಯಲಿಲ್ಲ.

ಸಣ್ಣ ಕರುಳು ದೊಡ್ಡ ಕರುಳಿಗೆ ಸೇರುವ ಜಾಗದಲ್ಲಿ ಹುಣ್ಣುಗಳಿದ್ದವು. ಅಲ್ಲೇ ಕರುಳು ಸ್ವಲ್ಪ ಕಿರಿದಾಗಿತ್ತು. ಸರಿ, ಉತ್ತರ ಸಿಕ್ಕಿತು ಅಂದುಕೊಂಡೆ. ಇನ್ನೂ ಸಿಕ್ಕಿರಲಿಲ್ಲ. ಕರುಳಿನ ಟಿಬಿಯೂ ಅದೇ ಜಾಗಕ್ಕೆ ಬರುತ್ತೆ, ಕರುಳಿನಲ್ಲಿ ಉರಿಯೂತ, ಹುಣ್ಣು ಮಾಡಿ ವರ್ಷಗಟ್ಟಲೆ ಉಳಿಯುವ ಕ್ರೋನ್ಸ್ ಕಾಯಿಲೆಯೂ ಅಲ್ಲಿಗೇ ಬರುತ್ತೆ. ನೋಡುವುದಕ್ಕೂ ಒಂದೇ ಥರ. ಚೂರು ತೆಗೆದು ಕಳಿಸಿದ ಬಯಾಪ್ಸಿಯಲ್ಲೂ ಖಚಿತ ಆಗಲಿಲ್ಲ. ಟಿಬಿ ಇರುವವರಿಗೆ ಕ್ರೋನ್ಸ್ ಅಂದುಕೊಂಡು, ಮೈಯ ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಕೊಟ್ಟರೆ ಟಿಬಿ ಕೆರಳುತ್ತೆ. ಹಾಗಾಗಿ ಮೊದಲು ಟಿಬಿ ಮಾತ್ರೆ ಕೊಟ್ಟು, ಎರಡು ತಿಂಗಳಿಗೆ ಮತ್ತೆ ಒಳಗೆ ನೋಡೋಣ ಅಂದರು. ಟಿಬಿ ಜಾಸ್ತಿ ಇರುವ ನಮ್ಮ ದೇಶದಲ್ಲಿ ಇದು ಸಾಮಾನ್ಯವಾಗಿ ಹಿಡಿಯುವ ದಾರಿಯಂತೆ.

ನನ್ನ ಮಟ್ಟಿಗೆ ಆ ಎರಡು ತಿಂಗಳೇ ಎಲ್ಲಕ್ಕಿಂತ ಭಾರ. ಮಾತ್ರೆ ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಉಚಿತವಾಗಿ ಸಿಕ್ಕಿತು. ಊಟಕ್ಕೆ ಅಂತ ಸರ್ಕಾರದಿಂದ ಆಗ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದ್ದು ಆ ಮಾತ್ರೆಯಿಂದಲೇ, ಹೆದರಬೇಡಿ ಅಂತ ಮೊದಲೇ ಹೇಳಿದ್ದರು. ಆದರೆ ಮನೆಯಲ್ಲಿ ನನ್ನ ತಟ್ಟೆ, ಲೋಟ ಬೇರೆ ಶೆಲ್ಫಿಗೆ ಹೋದವು. ಮಗಳನ್ನು ನನ್ನ ಪಕ್ಕ ಮಲಗಿಸಲಿಲ್ಲ. ಆಶಾ ಕಾರ್ಯಕರ್ತೆ ಬಂದು, "ಎದೆ ಎಕ್ಸ್‌ರೇ ಚೆನ್ನಾಗಿದೆ ಅಜ್ಜಿ. ಹೊಟ್ಟೆ ಟಿಬಿ ಜೊತೆಗೆ ಕೂತು ಉಂಡ್ರೆ ಅಂಟಲ್ಲ" ಅಂತ ಎರಡು ಸಲ ಬಿಡಿಸಿ ಹೇಳಿದ ಮೇಲೆ ಅತ್ತೆ ತಾವೇ ತಟ್ಟೆ ವಾಪಸ್ ತಂದಿಟ್ಟರು. ಆ ಹುಡುಗಿಯ ಋಣ ನನ್ನ ಮೇಲಿದೆ.

ಜ್ವರ ಕಡಿಮೆಯಾಯಿತು, ಒಂದು ಕೆಜಿ ಏರಿದೆ. ಟಿಬಿಯೇ ಇರಬೇಕು, ವಾಸಿಯಾಗುತ್ತಿದೆ ಅಂತ ಎಲ್ಲರೂ ಖುಷಿಪಟ್ಟೆವು. ಎರಡನೇ ಸಲ ಒಳಗೆ ನೋಡಿದರೆ ಹುಣ್ಣು ಹಾಗೇ ಇದ್ದವು. ಟಿಬಿ ಆಗಿದ್ದರೆ ಅಷ್ಟರಲ್ಲಿ ಮಾಯುತ್ತಾ ಬರಬೇಕಿತ್ತು. ನನ್ನದು ಕ್ರೋನ್ಸ್. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ, ಹತೋಟಿಯಲ್ಲಿ ಇಡಬಹುದು ಅಂದರು. ವಾಪಸ್ ಬರುವಾಗ ತುಮಕೂರು ದಾಟುವವರೆಗೂ ಅಳುತ್ತಲೇ ಇದ್ದೆ. ಆದರೆ ಅವತ್ತು ರಾತ್ರಿ ಎಷ್ಟೋ ದಿನದ ಮೇಲೆ ನೆಮ್ಮದಿಯಿಂದ ಮಲಗಿದೆ. ಕಾಯಿಲೆಗೆ ಒಂದು ಹೆಸರು ಸಿಕ್ಕಿತ್ತಲ್ವಾ.

ಸ್ಟೀರಾಯ್ಡ್ 40 ಮಿಲಿಗ್ರಾಮಿನಿಂದ ಶುರು, ವಾರಕ್ಕೆ 5 ಕಡಿಮೆ. ಮುಖ ಊದಿಕೊಂಡಿತು, ಆದರೂ ಸುಮ್ನೆ ನಿಲ್ಲಿಸಲಿಲ್ಲ. ಒಮ್ಮೆಗೇ ನಿಲ್ಲಿಸಿದರೆ ಅಪಾಯ. ಜೊತೆಗೆ ಅಜಾಥಯೋಪ್ರಿನ್, ಅದೂ ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯೇ. ಅದು ರಕ್ತದ ಬಿಳಿಕಣ ಇಳಿಸಬಹುದು, ಹಾಗಾಗಿ ಮೊದಮೊದಲು ಎರಡು ವಾರಕ್ಕೊಮ್ಮೆ, ಈಗ ಮೂರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ವಿಟಮಿನ್ ಬಿ12 ಹೀರಿಕೊಳ್ಳುವುದೇ ಸಣ್ಣ ಕರುಳಿನ ಕೊನೆಯ ಭಾಗ. ನನಗೆ ಕೆಟ್ಟಿರುವುದೂ ಅದೇ, ಅದಕ್ಕೆ ಇಂಜೆಕ್ಷನ್ ಬೇಕಾಯಿತು. ತಲೆನೋವಿಗೆ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುವುದನ್ನು ಬಿಟ್ಟೆ. ಬ್ರೂಫಿನ್ ಜಾತಿಯ ಮಾತ್ರೆ ಕರುಳನ್ನು ಕೆರಳಿಸಬಹುದು.

ಊಟದ ವಿಷಯದಲ್ಲಿ ಪುಸ್ತಕವೇ ನನಗೆ ಗುರು. ಕಾಯಿಲೆ ಕೆರಳಿದಾಗ ಗಂಜಿ, ಮೆತ್ತಗಿನ ಅನ್ನ, ಬೇಳೆ ಕಟ್ಟು. ಸುಮ್ಮನಿದ್ದಾಗ ಮುದ್ದೆಯೂ ಇಳಿಯುತ್ತೆ. ಕಿರಿದಾದ ಜಾಗದಲ್ಲಿ ನಾರು ಸಿಕ್ಕಿಕೊಳ್ಳುತ್ತೆ ಅಂತ ಕಬ್ಬು, ಹಲಸು ಮುಟ್ಟಲ್ಲ. ನನಗೆ ಆಗುವುದು ಇನ್ನೊಬ್ಬರಿಗೆ ಆಗದೇ ಇರಬಹುದು.

ಶಾಲೆಯಲ್ಲಿ ಶೌಚಾಲಯದ ಬೀಗದ ಕೈ ಆಫೀಸಿನ ಗೋಡೆಗೆ ನೇತಾಡುತ್ತಿತ್ತು. ಪ್ರತಿ ಸಲ ಎಲ್ಲರ ಎದುರಿಗೆ ತೆಗೆದುಕೊಂಡು ಹೋಗಬೇಕಿತ್ತು. ಕಾಯಿಲೆಯ ಹೆಸರು ಹೇಳಿ ಹೆಡ್‌ಮಾಸ್ಟರನ್ನು ಕೇಳಿದೆ. ಮರುದಿನವೇ ಇನ್ನೊಂದು ಕೀ ಮಾಡಿಸಿ ಕೊಟ್ಟರು. ಅದು ಈಗ ನನ್ನ ಮನೆ ಕೀ ಜೊತೆಗೇ ಇದೆ.

ತೂಕ 52. ಮಲದ ಕ್ಯಾಲ್‌ಪ್ರೊಟೆಕ್ಟಿನ್ ಪರೀಕ್ಷೆಯಲ್ಲಿ ಕರುಳಿನ ಉರಿಯೂತ ಇಳಿದಿದೆ ಅಂತ ಬಂದಿದೆ. ನಾಡಿದ್ದು ಮತ್ತೆ ಬೆಂಗಳೂರು. ಪುಸ್ತಕದ ಕೊನೆಯ ಪುಟದಲ್ಲಿ ನಾಲ್ಕು ಪ್ರಶ್ನೆ ಬರೆದಿಟ್ಟಿದ್ದೇನೆ. ಮೊದಲನೆಯದು, ಈ ಮಾತ್ರೆ ತೆಗೆದುಕೊಳ್ಳುತ್ತಲೇ ಎರಡನೇ ಮಗು ಮಾಡಿಕೊಳ್ಳಬಹುದಾ ಅಂತ.