ರೋಮಿನ ಬರೋಕ್ ಚರ್ಚುಗಳನ್ನು ನೋಡುವ ಕ್ರಮ

ರೋಮಿಗೆ ಹೋದವರು ಒಂದೇ ದಿನದಲ್ಲಿ ಎಂಟು ಹತ್ತು ಚರ್ಚುಗಳನ್ನು ಸುತ್ತಿ ಬರುವುದುಂಟು. 17ನೇ ಶತಮಾನದ ಬರೋಕ್ ಚರ್ಚುಗಳಿಗೆ, ಅಂದರೆ ನೋಡುವವನ ಭಾವವನ್ನು ಕಲಕುವ ನಾಟಕೀಯ ಶೈಲಿಯ ಚರ್ಚುಗಳಿಗೆ, ಈ ಅವಸರ ಒಗ್ಗುವುದಿಲ್ಲ. ಭಕ್ತನು ಯಾವ ಬಾಗಿಲಿನಿಂದ ಒಳಗೆ ಬರುತ್ತಾನೆ, ಎಲ್ಲಿ ನಿಲ್ಲುತ್ತಾನೆ, ಯಾವ ಆರಾಧನೆಯ ಹೊತ್ತಿಗೆ ಅಲ್ಲಿರುತ್ತಾನೆ ಎಂಬುದನ್ನೆಲ್ಲ ಲೆಕ್ಕಕ್ಕೆ ಹಿಡಿದೇ ಅಲ್ಲಿನ ಚಿತ್ರ, ಶಿಲ್ಪ, ಗುಮ್ಮಟ, ಕಿಟಕಿಗಳನ್ನು ರೂಪಿಸಲಾಗಿದೆ. ಆ ಭಕ್ತನ ಜಾಗದಲ್ಲಿ ನಾವು ನಿಲ್ಲದಿದ್ದರೆ ಕಣ್ಣಿಗೆ ಬೀಳುವುದು ಬಂಗಾರದ ಲೇಪ ಮತ್ತು ಅಲಂಕಾರದ ಗಿಜಿಗಿಜಿ ಮಾತ್ರ. ಆದ್ದರಿಂದ ಅರ್ಧ ದಿನಕ್ಕೆ ಎರಡು ಚರ್ಚುಗಳಿಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ.

ಹೊರಡುವ ಮುನ್ನ ಎರಡು ಸಂಗತಿಗಳನ್ನು ತಿಳಿದುಕೊಂಡಿರುವುದು ಒಳ್ಳೆಯದು. ಪ್ರಾಟೆಸ್ಟೆಂಟರು ಚರ್ಚಿನೊಳಗಿನ ಪ್ರತಿಮೆ ಮತ್ತು ಚಿತ್ರಗಳನ್ನು ಪ್ರಶ್ನಿಸುತ್ತಿದ್ದ ಕಾಲದಲ್ಲಿ, 1545ರಿಂದ 1563ರವರೆಗೆ ಬಿಟ್ಟು ಬಿಟ್ಟು ನಡೆದ ಕ್ಯಾಥೊಲಿಕ್ ಚರ್ಚಿನ ಟ್ರೆಂಟ್ ಮಹಾಸಭೆಯು ತನ್ನ ಕೊನೆಯ ಅಧಿವೇಶನದಲ್ಲಿ ಅವುಗಳ ಬಳಕೆಯನ್ನು ಎತ್ತಿಹಿಡಿಯಿತು. ಜನರಿಗೆ ಬೋಧಿಸುವುದಕ್ಕೂ ಭಕ್ತಿಯನ್ನು ಎಚ್ಚರಿಸುವುದಕ್ಕೂ ಅವು ಬೇಕು ಎಂಬುದು ಅದರ ನಿಲುವಾಗಿತ್ತು. ಎರಡನೆಯದು, ಜೆಸ್ಯೂಟರೆಂದು ಹೆಸರಾದ ಕ್ಯಾಥೊಲಿಕ್ ಸನ್ಯಾಸಿಗಳ ಸಂಘವಾದ ಯೇಸುಸಭೆಯ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ರೂಪಿಸಿದ ಧ್ಯಾನಕ್ರಮ. ಧ್ಯಾನಿಸುವವನು ಕ್ರಿಸ್ತನ ಜೀವನದ ಒಂದು ಪ್ರಸಂಗವನ್ನು ಮನಸ್ಸಿಗೆ ತಂದುಕೊಂಡು, ಆ ಜಾಗವನ್ನು ಕಣ್ಣಾರೆ ಕಂಡಂತೆ, ಅಲ್ಲಿನ ಮಾತನ್ನು ಕಿವಿಯಾರೆ ಕೇಳಿದಂತೆ ಐದೂ ಇಂದ್ರಿಯಗಳಿಂದ ಅನುಭವಿಸಬೇಕು ಎಂದು ಅದು ಹೇಳುತ್ತದೆ. ಬರೋಕ್ ಕಲೆಯ ನಾಟಕೀಯತೆಯನ್ನು ಆಡಂಬರವೆಂದು ತಳ್ಳಿಹಾಕುವವರು ಈ ಧ್ಯಾನದ ಶಿಸ್ತನ್ನು ಮರೆಯುತ್ತಾರೆ ಎಂದು ನನಗೆ ಅನ್ನಿಸುತ್ತದೆ.

ನೋಟವನ್ನು ಸಾಂತ್ ಇಗ್ನಾಟ್ಸಿಯೊ ಚರ್ಚಿನಿಂದ ಮಧ್ಯಾಹ್ನದ ನಂತರ ಆರಂಭಿಸಿ. ಒಳಗೆ ಕಾಲಿಟ್ಟ ಕೂಡಲೇ ತಲೆ ಎತ್ತಬೇಡಿ. ನಡುಅಂಗಳದ ನೆಲದಲ್ಲಿ ಅಮೃತಶಿಲೆಯ ಒಂದು ಬಿಲ್ಲೆಯನ್ನು ಹುದುಗಿಸಿದ್ದಾರೆ. ಮೊದಲು ಅದನ್ನು ಹುಡುಕಿ, ಅದರ ಮೇಲೆ ನಿಂತು, ಆಮೇಲೆ ಮೇಲೆ ನೋಡಿ. ಯೇಸುಸಭೆಯ ಸಹೋದರ ಆಂಡ್ರೆಯಾ ಪೊಝ್ಝೊ 1690ರ ದಶಕದ ಮೊದಲ ವರ್ಷಗಳಲ್ಲಿ ಬಿಡಿಸಿದ ಈ ಛಾವಣಿಯಲ್ಲಿ ಕಟ್ಟಡದ ನಿಜವಾದ ಗೋಡೆ ಎಲ್ಲಿ ಮುಗಿಯುತ್ತದೆ, ಬಣ್ಣದ ಕಂಬಗಳು ಎಲ್ಲಿ ಶುರುವಾಗುತ್ತವೆ ಎಂಬುದು ಆ ಬಿಲ್ಲೆಯ ಮೇಲಿನಿಂದ ಗೊತ್ತಾಗುವುದಿಲ್ಲ. ತಂದೆ ದೇವರಿಂದ ಹೊರಟ ಬೆಳಕು ಕ್ರಿಸ್ತನಿಗೆ, ಕ್ರಿಸ್ತನಿಂದ ಇಗ್ನೇಷಿಯಸ್‌ಗೆ, ಅವನಿಂದ ನಾಲ್ಕು ಖಂಡಗಳನ್ನು ಪ್ರತಿನಿಧಿಸುವ ನಾಲ್ಕು ಸ್ತ್ರೀರೂಪಗಳಿಗೆ ಹರಿಯುವುದನ್ನು ಕಣ್ಣಿನಿಂದ ಹಿಂಬಾಲಿಸಿ. ಅನಂತರ ನಿಧಾನವಾಗಿ ಬಲಿಪೀಠದ ಕಡೆಗೆ ನಡೆಯಿರಿ. ಹೆಜ್ಜೆ ಮುಂದಿಟ್ಟಂತೆ ಕಂಬಗಳು ಬಾಗತೊಡಗುತ್ತವೆ. ಮುಂದೆ ಕಾಣುವ ಗುಮ್ಮಟವೂ ಗುಮ್ಮಟವಲ್ಲ. ಅದು ಪೊಝ್ಝೊ 1685ರಲ್ಲಿ ಪೂರೈಸಿದ, ಚಪ್ಪಟೆಯಾದ ಕ್ಯಾನ್ವಾಸಿನ ಮೇಲಿನ ಚಿತ್ರ. ಅದರ ಕೆಳಗೆ ನೇರವಾಗಿ ಬಂದು ನಿಂತಾಗ ಭ್ರಮೆ ಪೂರ್ತಿ ಕಳಚಿಬೀಳುತ್ತದೆ. ಹೀಗೆ ಕಟ್ಟಿಕೊಳ್ಳುವುದನ್ನೂ ಕಳಚುವುದನ್ನೂ ಎರಡನ್ನೂ ಅನುಭವಿಸಿದಾಗಲೇ ಒಂದೇ ನೆಲೆಯಿಂದ ಮಾತ್ರ ಸರಿಯಾಗಿ ಕಾಣುವ ಚಿತ್ರದ ತರ್ಕ ತಿಳಿಯುತ್ತದೆ. ಪ್ರವಾಸಿಗರಿಗಾಗಿ ಇಟ್ಟಿರುವ ಕನ್ನಡಿಯ ಸಾಲಿನಲ್ಲಿ ಸಮಯ ಕಳೆಯಬೇಡಿ, ಕುತ್ತಿಗೆ ನೋಯಲಿ.

ಅಲ್ಲಿಂದ ಸ್ವಲ್ಪ ನಡೆದರೆ ಯೇಸುಸಭೆಯ ಮೂಲ ಚರ್ಚಾದ ಇಲ್ ಜೆಸು ಸಿಗುತ್ತದೆ. ಸಂಜೆ ಐದರ ಹೊತ್ತಿಗೆ ಅಲ್ಲಿರಬೇಕು. ಒಳಹೋಗುವ ಮೊದಲು ಮುಂಭಾಗದ ಮೇಲೆ ದೊಡ್ಡ ಅಕ್ಷರಗಳಲ್ಲಿ ಕೆತ್ತಿರುವ ಕಾರ್ಡಿನಲ್ ಅಲೆಸ್ಸಾಂಡ್ರೊ ಫರ್ನೇಸೆಯ ಹೆಸರನ್ನು ಓದಿ. 1568ರಲ್ಲಿ ಆರಂಭವಾದ ಈ ಕಟ್ಟಡಕ್ಕೆ ಹಣ ಕೊಟ್ಟವನು ಅವನು. ಹಣ ಕೊಟ್ಟವರ ಗುರುತನ್ನು ಹುಡುಕುವ ಈ ಅಭ್ಯಾಸವನ್ನು ಪ್ರತಿ ಚರ್ಚಿನಲ್ಲೂ ಇಟ್ಟುಕೊಳ್ಳಿ. ಧರ್ಮದ ರಂಗದ ಮೇಲೆ ಶ್ರೀಮಂತ ಮನೆತನಗಳೂ ತಮ್ಮ ಪಾತ್ರವನ್ನು ವಹಿಸುತ್ತಿದ್ದವು. ಸಂತ ಪೀಟರ್ ಬಸಿಲಿಕಾದಲ್ಲಿ ಬಲಿಪೀಠದ ಮೇಲಿನ ಕಂಚಿನ ಮಂಟಪದ ತುಂಬ ಕಾಣುವ ಜೇನುಹುಳುಗಳು ಪೋಪ್ 8ನೇ ಅರ್ಬನ್‌ನ ಬಾರ್ಬೆರೀನಿ ಮನೆತನದ ಲಾಂಛನ.

ಜೆಸುವಿನ ಒಳಗೆ ಬಚ್ಚೀಚೊ ಎಂದು ಹೆಸರಾದ ಗೌಲ್ಲಿ 1670ರ ದಶಕದಲ್ಲಿ ಚಿತ್ರಿಸಿದ ಛಾವಣಿಯ ಅಂಚುಗಳನ್ನು ಗಮನಿಸಿ. ಯೇಸುವಿನ ನಾಮದ ಬೆಳಕನ್ನು ತಾಳಲಾರದೆ ಕೆಳಕ್ಕುರುಳುವ ದೇಹಗಳು ಚೌಕಟ್ಟನ್ನು ದಾಟಿ ಹೊರಚೆಲ್ಲಿವೆ, ಮತ್ತು ಅವುಗಳ ನೆರಳನ್ನು ಪಕ್ಕದ ಬಂಗಾರದ ಕಮಾನಿನ ಮೇಲೆ ಬಣ್ಣದಿಂದಲೇ ಬಿಡಿಸಲಾಗಿದೆ. ಆಮೇಲೆ ಎಡಗಡೆಯ ಇಗ್ನೇಷಿಯಸ್ ಪೀಠದ ಎದುರು ಕುಳಿತುಕೊಳ್ಳಿ. ಇದೂ ಪೊಝ್ಝೊನ ವಿನ್ಯಾಸ, 1690ರ ದಶಕದ ಕೆಲಸ. ಸಾಮಾನ್ಯವಾಗಿ ಸಂಜೆ 5.30ಕ್ಕೆ ದೀಪಗಳು ಆರುತ್ತವೆ, ಸಂಗೀತ ಮತ್ತು ಪಠಣ ಆರಂಭವಾಗುತ್ತವೆ, ಪೀಠದ ಮೇಲಿನ ದೊಡ್ಡ ವರ್ಣಚಿತ್ರ ಮೆಲ್ಲನೆ ಕೆಳಕ್ಕೆ ಇಳಿದು ಮರೆಯಾಗಿ, ಹಿಂದಿನ ಗೂಡಿನಲ್ಲಿದ್ದ ಸಂತನ ಬೆಳ್ಳಿಮೂರ್ತಿ ಪ್ರಕಟವಾಗುತ್ತದೆ. ಮೂಲ ಮೂರ್ತಿಯ ಬೆಳ್ಳಿಯನ್ನು 18ನೇ ಶತಮಾನದ ಕೊನೆಯಲ್ಲಿ ನೆಪೋಲಿಯನ್‌ಗೆ ತೆರಬೇಕಾದ ಹಣಕ್ಕಾಗಿ ಕರಗಿಸಲಾಯಿತು. ಈಗಿರುವುದು ಅನಂತರ ಸರಿಪಡಿಸಿದ ರೂಪ. ಮೊಬೈಲನ್ನು ಚೀಲದೊಳಗಿಟ್ಟು ಇದನ್ನು ಕೊನೆಯವರೆಗೂ ನೋಡಿ. ಪುಸ್ತಕದ ಚಿತ್ರಗಳಲ್ಲಿ ಎಂದೂ ಸಿಗದ ಸಂಗತಿ, ಅಂದರೆ ಕಾಯುವುದು, ಕತ್ತಲಾಗುವುದು, ಕಾಣಿಸಿಕೊಳ್ಳುವುದು ಎಂಬ ಕಾಲದ ಕ್ರಮ, ಇಲ್ಲಿ ಇನ್ನೂ ಜೀವಂತವಾಗಿದೆ.

ಈ ಬಗೆಯ ಪ್ರದರ್ಶನ ಒಂದು ಪೀಠಕ್ಕೆ ಸೀಮಿತವಾಗಿರಲಿಲ್ಲ. ಪರಮಪ್ರಸಾದವನ್ನು, ಅಂದರೆ ಕ್ರಿಸ್ತನ ದೇಹವೆಂದು ನಂಬುವ ಪವಿತ್ರ ರೊಟ್ಟಿಯನ್ನು, ಸತತ ನಲವತ್ತು ಗಂಟೆ ಆರಾಧನೆಗೆ ಇಡುವ ಪದ್ಧತಿ 16ನೇ ಶತಮಾನದಲ್ಲಿ ಮಿಲಾನಿನಲ್ಲಿ ಬೆಳೆದು ರೋಮಿಗೆ ಬಂತು. ಉಪವಾಸಕಾಲಕ್ಕೆ ಮುಂಚಿನ ಕಾರ್ನಿವಲ್ ಹಬ್ಬದ ದಿನಗಳಲ್ಲಿ ಬೀದಿಯ ಮೋಜಿನಿಂದ ಜನರನ್ನು ಚರ್ಚಿಗೆ ಸೆಳೆಯಲು ಮರ, ಬಟ್ಟೆ, ರಟ್ಟುಗಳಿಂದ ಭಾರಿ ರಂಗಸಜ್ಜಿಕೆಗಳನ್ನು ಕಟ್ಟಿ, ಎಣ್ಣೆದೀಪಗಳನ್ನು ಮೋಡದ ಆಕಾರಗಳ ಹಿಂದೆ ಬಚ್ಚಿಟ್ಟು, ಬೆಳಕು ಎಲ್ಲಿಂದ ಬರುತ್ತಿದೆಯೆಂದು ತಿಳಿಯದಂತೆ ಮಾಡುತ್ತಿದ್ದರು. ಶಿಲ್ಪಿಯೂ ವಾಸ್ತುಶಿಲ್ಪಿಯೂ ಆದ ಬೆರ್ನೀನಿ 1628ರಲ್ಲಿ ವ್ಯಾಟಿಕನ್ನಿನ ಪಾವ್ಲೀನಾ ಪ್ರಾರ್ಥನಾಲಯದಲ್ಲಿಯೂ ಚಿತ್ರಕಾರ ಪಿಯೆತ್ರೊ ದಾ ಕೊರ್ತೋನಾ 1633ರಲ್ಲಿ ಸಾನ್ ಲೊರೆಂಝೊ ಇನ್ ದಾಮಾಸೊ ಚರ್ಚಿನಲ್ಲಿಯೂ ಇಂಥವನ್ನು ರಚಿಸಿದರು. ಕೆಲಸ ಮುಗಿದ ಮೇಲೆ ಅವನ್ನು ಬಿಚ್ಚಿಹಾಕುತ್ತಿದ್ದುದರಿಂದ ಒಂದೂ ಉಳಿದಿಲ್ಲ. ಆದರೆ ಬಚ್ಚಿಟ್ಟ ದೀಪದ ವಿದ್ಯೆ ಕಲ್ಲಿನ ಕಟ್ಟಡಗಳಿಗೆ ದಾಟಿತು. ಹೀಗಾಗಿ ಯಾವುದೇ ಬರೋಕ್ ಚರ್ಚಿನಲ್ಲಿ ಕೇಳಿಕೊಳ್ಳಬೇಕಾದ ಬಹುಮುಖ್ಯ ಪ್ರಶ್ನೆ, ಈ ಬೆಳಕಿನ ಕಿಟಕಿ ಎಲ್ಲಿದೆ ಎಂಬುದು.

ಆ ಪ್ರಶ್ನೆಯನ್ನಿಟ್ಟುಕೊಂಡು ಮರುದಿನ ಸಾಂತಾ ಮಾರಿಯಾ ದೆಲ್ಲಾ ವಿತ್ತೋರಿಯಾ ಚರ್ಚಿಗೆ ಹೋಗಿ. ಅದರ ಎಡಭಾಗದ ಕೊರ್ನಾರೊ ಪ್ರಾರ್ಥನಾಲಯವನ್ನು ಬೆರ್ನೀನಿ 1647ರಿಂದ 1652ರ ನಡುವೆ ರಚಿಸಿದ. ತನ್ನ ಹೃದಯವನ್ನು ದೇವದೂತನೊಬ್ಬ ಬಂಗಾರದ ಈಟಿಯಿಂದ ಚುಚ್ಚಿದ ಅನುಭವವನ್ನು ಅವಿಲಾದ ಸಂತ ತೆರೆಸಾ ತಾನೇ ಬರೆದಿದ್ದಳು. ಆ ಗಳಿಗೆಯೇ ಇಲ್ಲಿನ ಶಿಲ್ಪ. ಮೊದಲು ದೂರದಲ್ಲಿ, ನಡುಅಂಗಳದ ಮಧ್ಯರೇಖೆಯ ಬಳಿ ನಿಂತು, ಕಂಚಿನ ಕಿರಣಗಳ ಮೇಲೆ ಬೀಳುವ ನಿಜವಾದ ಬೆಳಕನ್ನು ನೋಡಿ. ಅದು ಮೇಲಿನ ಕಮಾನಿನ ಹಿಂದೆ ಅಡಗಿಸಿದ ಕಿಟಕಿಯಿಂದ ಬರುತ್ತದೆ. ಮೋಡ ಸರಿದಾಗ ಶಿಲ್ಪದ ಮುಖವೂ ಬದಲಾಗುವುದರಿಂದ ಸ್ವಲ್ಪ ಹೊತ್ತು ಕಾದರೆ ನಷ್ಟವಿಲ್ಲ. ಆಮೇಲೆ ಹತ್ತಿರ ಹೋಗಿ ಎರಡೂ ಪಕ್ಕದ ಗೋಡೆಗಳನ್ನು ನೋಡಿ. ನಾಟಕಶಾಲೆಯ ಮೇಲಂತಸ್ತಿನ ಆಸನಗಳನ್ನು ಹೋಲುವ ಗೂಡುಗಳಲ್ಲಿ ಕೊರ್ನಾರೊ ಮನೆತನದ ಎಂಟು ಮಂದಿ ಕುಳಿತಿದ್ದಾರೆ. ಅವರಲ್ಲಿ ಶಿಲ್ಪ ಕೆತ್ತುವಾಗ ಬದುಕಿದ್ದವನು ಹಣ ಕೊಟ್ಟ ಕಾರ್ಡಿನಲ್ ಫೆದೆರೀಕೊ ಮಾತ್ರ. ಕೆಲವರು ಚರ್ಚಿಸುತ್ತಿದ್ದಾರೆ, ಒಬ್ಬ ಓದುತ್ತಿದ್ದಾನೆ. ತೆರೆಸಾಳನ್ನು ನೇರವಾಗಿ ನೋಡುವ ಕೋನ ಅವರಿಗಿಲ್ಲ. ಆ ಕೋನ ಇರುವುದು ಎದುರು ನಿಂತಿರುವ ನಮಗೆ.

ಹತ್ತಿರದಲ್ಲೇ ಇರುವ ಸಾನ್ ಕಾರ್ಲೊ ಅಲ್ಲೆ ಕ್ವಾತ್ರೊ ಫೊಂತಾನೆಯನ್ನು ಬಿಡಬೇಡಿ. ವಾಸ್ತುಶಿಲ್ಪಿ ಬೊರ್ರೊಮೀನಿ 1638ರಲ್ಲಿ ಕೈಗೆತ್ತಿಕೊಂಡ ಈ ಪುಟ್ಟ ಚರ್ಚು, ಸಂತ ಪೀಟರ್ ಬಸಿಲಿಕಾದ ಗುಮ್ಮಟವನ್ನು ಹೊತ್ತ ಒಂದು ಸ್ತಂಭದಷ್ಟೇ ಜಾಗ ಹಿಡಿಯುತ್ತದೆಂದು ಹೇಳುವುದುಂಟು. ಕಟ್ಟಿಸಿದ ಸ್ಪೇನಿನ ಸನ್ಯಾಸಿಗಳಲ್ಲಿ ಹಣ ಕಡಿಮೆಯಿತ್ತು. ಒಳಗೆ ಬಣ್ಣದ ಅಮೃತಶಿಲೆಯ ವೈಭವ ಇಲ್ಲ, ಬಿಳಿಯ ಗಾರೆ ಇದೆ. ಅಂಡಾಕಾರದ ಗುಮ್ಮಟದಲ್ಲಿ ಶಿಲುಬೆ, ಷಟ್ಕೋನ, ಅಷ್ಟಕೋನಗಳ ಗೂಡುಗಳು ಮೇಲೇರಿದಂತೆ ಕಿರಿದಾಗುತ್ತ ಹೋಗಿ ಎತ್ತರವನ್ನು ಹಿಗ್ಗಿಸುತ್ತವೆ. ಬರೋಕ್‌ಗೆ ಬಂಗಾರ ಅನಿವಾರ್ಯವೆಂದು ತಿಳಿದವರು ಇದನ್ನು ನೋಡಲೇಬೇಕು.

ಒಂದೇ ನೆಲೆಯಿಂದ ಸರಿಯಾಗಿ ಕಾಣುವ ತರ್ಕ ಸಂತ ಪೀಟರ್ ಬಸಿಲಿಕಾದ ಮುಂದಿನ ಚೌಕದಲ್ಲೂ ಇದೆ. ಅಲ್ಲಿ 284 ಕಂಬಗಳ ನಾಲ್ಕು ಸಾಲುಗಳಿವೆ. ನಡುವಿನ ಕಲ್ಲುಗಂಬಕ್ಕೂ ಕಾರಂಜಿಗೂ ಮಧ್ಯೆ ನೆಲದಲ್ಲಿರುವ ಬಿಲ್ಲೆಯ ಮೇಲೆ ನಿಂತರೆ ಆ ಬದಿಯ ನಾಲ್ಕೂ ಸಾಲು ಒಂದಾಗಿ ಕಾಣುತ್ತದೆ. ಬಸಿಲಿಕಾದ ಒಳಗೆ, ಸುಮಾರು 29 ಮೀಟರ್ ಎತ್ತರದ ಕಂಚಿನ ಮಂಟಪದ ತಿರುಚಿದ ಕಂಬಗಳ ನಡುವಿನಿಂದ ದೂರದಲ್ಲಿರುವ ಸಂತ ಪೀಟರನ ಆಸನವೂ ಅದರ ಮೇಲಿನ, ಪಾರಿವಾಳದ ಚಿತ್ರವಿರುವ ಕಿಟಕಿಯೂ ಒಟ್ಟಿಗೆ ಕಾಣುವಂತೆ ನಡುರೇಖೆಯಲ್ಲೇ ನಡೆಯಿರಿ.

ಸಾಧ್ಯವಾದರೆ ಇವುಗಳಲ್ಲಿ ಒಂದು ಚರ್ಚಿನಲ್ಲಾದರೂ ಬಲಿಪೂಜೆಯ ಹೊತ್ತಿಗೆ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತುಕೊಳ್ಳಿ. ಧೂಪ, ಆರ್ಗನ್ನಿನ ನಾದ, ಜನರ ಎದ್ದುನಿಲ್ಲುವಿಕೆ ಸೇರಿದಾಗ ಕಟ್ಟಡ ಯಾಕಾಗಿ ಹೀಗಿದೆ ಎಂಬುದು ಬೇಗ ಅರ್ಥವಾಗುತ್ತದೆ. ಭುಜ ಮತ್ತು ಮೊಣಕಾಲು ಮುಚ್ಚುವ ಉಡುಪು ಇರಲಿ; ಆ ಹೊತ್ತಿನಲ್ಲಿ ತಿರುಗಾಟವೂ ಚಿತ್ರ ತೆಗೆಯುವುದೂ ಸಲ್ಲದು. ಹಲವು ಚರ್ಚುಗಳು ಮಧ್ಯಾಹ್ನ ಕೆಲವು ಗಂಟೆ ಮುಚ್ಚಿರುತ್ತವೆ, ವೇಳೆಯನ್ನು ಮೊದಲೇ ನೋಡಿಕೊಳ್ಳಿ.

ರೋಮಿಗೆ ಹೋಗಲಾಗದವರು ಹಳೆಯ ಗೋವಾದ ಬೊಂ ಜೀಸಸ್ ಬಸಿಲಿಕಾದಲ್ಲಿ ಇದೇ ಅಭ್ಯಾಸ ಮಾಡಬಹುದು. ಮುಖ್ಯಪೀಠದಲ್ಲಿ ಇಗ್ನೇಷಿಯಸ್‌ನ ಎತ್ತರದ ಮೂರ್ತಿ ಯೇಸುನಾಮದ ಸೂರ್ಯನತ್ತ ಕಣ್ಣೆತ್ತಿದೆ. ಬಲಗಡೆ ಸಂತ ಫ್ರಾನ್ಸಿಸ್ ಝೇವಿಯರ್‌ನ ಸಮಾಧಿಪೀಠವನ್ನು ಫ್ಲಾರೆನ್ಸಿನ ಶಿಲ್ಪಿ ಫೊಜ್ಜೀನಿ ರಚಿಸಿದ, ತೊಸ್ಕಾನಾದ ದೊರೆ 3ನೇ ಕೊಸಿಮೊ ಕಳಿಸಿಕೊಟ್ಟ. ಅದೇ ಸಂತನ ಬಲಗೈಯ ಅವಶೇಷ ರೋಮಿನ ಜೆಸುವಿನಲ್ಲಿದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿನ ಗೋಡೆ ಮತ್ತು ಛಾವಣಿಗಳನ್ನು ಇಟಲಿಯಿಂದ ಬಂದ ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೇನಿ 1899ರಲ್ಲಿ ಚಿತ್ರಿಸತೊಡಗಿದರು. ಅದು ಕಾಲದಿಂದಲೂ ಶೈಲಿಯಿಂದಲೂ ಬರೋಕ್ ಅಲ್ಲ. ಆದರೂ ಚರ್ಚಿನ ಒಳಮೈಯನ್ನೆಲ್ಲ ಕಥೆಯಿಂದ ತುಂಬಿ ಬೋಧಿಸುವ ಪೊಝ್ಝೊನ ಸಭೆಯ ಪರಂಪರೆ ಅಲ್ಲಿ ನೇರವಾಗಿ ಮುಂದುವರಿದಿದೆ. ಅಲ್ಲಿಯೂ ಬಾಗಿಲಲ್ಲಿ ನಿಂತು ಪೀಠದ ಕಡೆಗೆ ನಿಧಾನವಾಗಿ ನಡೆಯುತ್ತ, ಯಾವ ಚಿತ್ರ ಯಾವ ಹೆಜ್ಜೆಗೆ ಎದುರಾಗುತ್ತದೆ ಎಂಬುದನ್ನು ಗುರುತಿಸಿಕೊಳ್ಳಿ.